ಹೊಸ್ತಿಲ ಮೇಲಿನ ಸುಣ್ಣ

ಕಳೆದ ತಿಂಗಳು ಮತದಾರರ ಪಟ್ಟಿ ಪರಿಷ್ಕರಣೆಗೆಂದು ರಾಮನಗರದ ನಮ್ಮ ಮನೆಗೆ ಇಬ್ಬರು ಹುಡುಗಿಯರು ಬಂದಿದ್ದರು. ಇಬ್ಬರೂ ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕಿಯರು. ಸ್ಕೂಟರಿನಿಂದ ಇಳಿಯಲಿಲ್ಲ. ನನ್ನ ಹೆಸರನ್ನು ಮೊಬೈಲಿನಲ್ಲಿ ಒತ್ತಿಕೊಂಡ ಮೇಲೆ ಒಬ್ಬಳು ಗೇಟಿನ ಆಚೆಯಿಂದಲೇ, "ಆಂಟಿ, ಪಕ್ಕದ ಮನೆಯವರು ಇದ್ದಾರಾ, ಖಾಲಿ ಮಾಡಿದ್ರಾ?" ಎಂದು ಕೇಳಿದಳು.

"ನೀನೇ ಹೋಗಿ ಬಾಗಿಲು ಬಡಿ" ಎಂದೆ. ನನ್ನ ದನಿ ಬೇಕಾದ್ದಕ್ಕಿಂತ ಒರಟಾಗಿತ್ತು.

"ಬಾಗಿಲು ಹಾಕಿದೆಯಲ್ಲಾ ಆಂಟಿ" ಎಂದಳು ಪಾಪ, ಮುಖ ಚಿಕ್ಕದು ಮಾಡಿಕೊಂಡು.

ಅವರನ್ನು ಒಳಗೆ ಕರೆದು, ಕಾಫಿ ಕೊಟ್ಟು, ಮುಚ್ಚಿದ ಬಾಗಿಲಿನ ಬಗ್ಗೆ ನನಗೆ ಗೊತ್ತಿರುವುದನ್ನು ಹೇಳಬೇಕೆಂದುಕೊಂಡೆ. ಅವರಿಗೆ ಇನ್ನೂ ಬಹಳ ಮನೆಗಳು ಬಾಕಿಯಿದ್ದವು, ಹೊರಟುಹೋದರು. ಅವತ್ತು ಹೇಳಲಾಗದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ಅವರಿಬ್ಬರಲ್ಲಿ ಒಬ್ಬಳಾದರೂ ಓದಿದರೆ ಸಾಕು.

ನಾನು ಸರ್ಕಾರಿ ಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಿದ್ದವಳು. ಮೊದಲು ಮಾಗಡಿ ತಾಲ್ಲೂಕಿನ ಸೋಲೂರಿನ ಕಡೆ, ಆಮೇಲೆ ಚನ್ನಪಟ್ಟಣ, ಕೊನೆಗೆ ಕನಕಪುರದ ದಕ್ಷಿಣಕ್ಕೆ ಉಯ್ಯಂಬಳ್ಳಿ ಹೋಬಳಿಯ ಒಂದು ಹಳ್ಳಿ. ಆ ಹಳ್ಳಿಯ ಹೆಸರು ಇಲ್ಲಿ ಬರೆಯುವುದಿಲ್ಲ. ತಪ್ಪು ನನ್ನದು, ಊರಿಗೆ ಯಾಕೆ ಕೆಟ್ಟ ಹೆಸರು. ಪಾಠದ ಜೊತೆಗೆ ಜನಗಣತಿ, ದನಗಣತಿ, ಚುನಾವಣೆ ಎಲ್ಲವೂ ನಮ್ಮ ಹೆಗಲಿಗೇ ಬೀಳುತ್ತಿದ್ದವು. ಈಗಲೂ ಬೀಳುತ್ತವೆ. ಗೊಣಗಿಕೊಂಡೇ ಮಾಡುತ್ತಿದ್ದೆವು. ಗೊಣಗುವುದರಲ್ಲಿ ನಾನು ಯಾರಿಗೂ ಕಡಿಮೆಯಿರಲಿಲ್ಲ.

ಸೋಲೂರಿನ ಕಡೆಯ ಆ ಮೊದಲ ಶಾಲೆಯಲ್ಲಿ ವಯಸ್ಸಾದ ಹೆಡ್ಮಾಸ್ಟರೊಬ್ಬರಿದ್ದರು. ನಾನು ಏಳನೇ ತರಗತಿಗೆ ಸರ್ಕಾರದ ವಿಧಗಳ ಪಾಠ ಮಾಡುವಾಗ ಒಂದು ದಿನ ಹಿಂದಿನ ಬೆಂಚಿನಲ್ಲಿ ಬಂದು ಕುಳಿತರು. ಬೋರ್ಡಿನ ಮೇಲೆ ಎರಡು ಗೆರೆ ಎಳೆದು ಮೂರು ಕಲಂ ಮಾಡಿದ್ದೆ. ಒಬ್ಬನು ಆಳುವುದು ರಾಜಪ್ರಭುತ್ವ. ಕೆಲವರು ಆಳುವುದು ಕುಲೀನರ ಆಳ್ವಿಕೆ. ಎಲ್ಲರೂ ಸೇರಿ ಆಳಿಕೊಳ್ಳುವುದು ಪ್ರಜಾಪ್ರಭುತ್ವ. ಮಾಗಡಿ ಸೀಮೆಯ ಪಾಳೆಯಗಾರರು ಮೊದಲನೆಯದರಲ್ಲಿ, ನಮ್ಮ ಪಂಚಾಯಿತಿ ಮೂರನೆಯದರಲ್ಲಿ. ಮಕ್ಕಳು ಗಟ್ಟಿಯಾಗಿ ಹೇಳಿದರು, ನನಗೆ ಹೆಮ್ಮೆಯೆನಿಸಿತು.

ಪಾಠ ಮುಗಿದ ಮೇಲೆ ಹೆಡ್ಮಾಸ್ಟರು ಕೇಳಿದರು: "ಚೆನ್ನಾಗಿತ್ತು ಮೇಡಂ. ಈ ಕ್ಲಾಸಿನ ಮಾನಿಟರನ್ನ ಯಾರು ಆರಿಸಿದ್ದು?"

"ನಾನೇ ಸಾರ್."

"ಹಾಗಾದ್ರೆ ಈ ಕೋಣೆ ಯಾವ ಕಲಂನಲ್ಲಿ ಬರುತ್ತೆ?"

ನಾನು ಬೋರ್ಡಿನ ಕಡೆ ತಿರುಗಿ ನೋಡಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. "ಪಾಠ ಮಾಡೋರು ದಿನಕ್ಕೊಂದ್ಸಲ ತಾವು ಯಾವ ಕಲಂನಲ್ಲಿ ನಿಂತಿದ್ದೀವಿ ಅಂತ ನೋಡ್ಕೋಬೇಕು" ಎಂದು ಹೇಳಿ ಹೊರಟುಹೋದರು. ಮಾರನೆಯ ದಿನ ಚೀಟಿ ಹಾಕಿಸಿ ಮಾನಿಟರನ್ನು ಆರಿಸಿದೆವು. ನಾನು ಜನ್ಮದಲ್ಲಿ ಆರಿಸದಂಥ ಮಾತಿನಮಲ್ಲಿಯೊಬ್ಬಳನ್ನು ಮಕ್ಕಳು ಆರಿಸಿದರು. ಅವಳು ಆ ವರ್ಷವಿಡೀ ನನ್ನ ತಲೆ ತಿಂದಳು, ಕೆಲಸವನ್ನು ಮಾತ್ರ ನಾನು ಆರಿಸಿದ್ದ ಹುಡುಗನಿಗಿಂತ ಚೆನ್ನಾಗಿ ಮಾಡಿದಳು.

ಹೆಡ್ಮಾಸ್ಟರ ಆ ಮಾತನ್ನು ಹಲವು ವರ್ಷ ನೆನಪಿಟ್ಟುಕೊಂಡಿದ್ದೆ. ಆಮೇಲೆ ಎಲ್ಲರ ಹಾಗೆ ಮರೆತೆ.

ಆ ಕಾಲದಲ್ಲಿ ಮತಪತ್ರ, ಕಬ್ಬಿಣದ ಪೆಟ್ಟಿಗೆ, ಅರಗು. ಮತದಾರರ ಪಟ್ಟಿಯಲ್ಲಿ ತಿದ್ದುಪಡಿ ಇದ್ದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದೆವು. ಮತಗಟ್ಟೆಗೆ ಹಿಂದಿನ ದಿನವೇ ಹೋಗಿ ಶಾಲೆಯ ಬೆಂಚಿನ ಮೇಲೆ ಮಲಗುವುದು, ಬೆಳಗ್ಗೆ ಯಾರದೋ ಮನೆಯ ಬಚ್ಚಲಲ್ಲಿ ಸ್ನಾನ. ಆಮೇಲೆ ಯಂತ್ರ ಬಂತು, ಫೋಟೋ ಇರುವ ಕಾರ್ಡು ಬಂತು, ಪ್ರತಿ ಮತಗಟ್ಟೆಗೂ ಪಟ್ಟಿ ನೋಡಿಕೊಳ್ಳಲು ಬಿಎಲ್‌ಒ ಎಂದು ನಮ್ಮಂಥವರನ್ನು ನೇಮಿಸುವ ಪದ್ಧತಿ ಬಂತು. ಈಗ ಎಲ್ಲ ಮೊಬೈಲಿನಲ್ಲಿ. ಬದಲಾಗದೆ ಉಳಿದದ್ದು ಒಂದೇ ಕೆಲಸ. ಯಾರಾದರೂ ನಡೆದುಹೋಗಿ, ಬಾಗಿಲ ಮುಂದೆ ನಿಂತು, ಹೆಸರು ಹಿಡಿದು ಕೂಗಬೇಕು. ನಾನು ಮಾಡದೆ ಬಿಟ್ಟದ್ದು ಅದನ್ನೇ.

ಉಯ್ಯಂಬಳ್ಳಿ ಹೋಬಳಿಯ ಆ ಶಾಲೆಗೆ ಹೋಗಿ ಎರಡು ತಿಂಗಳಾಗಿತ್ತು. ಕನಕಪುರದಲ್ಲಿ ಬಾಡಿಗೆ ಮನೆ ಮಾಡಿಕೊಂಡು ದಿನವೂ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಊರಿನಲ್ಲಿ ಯಾರ ಮುಖವೂ ಸರಿಯಾಗಿ ಗೊತ್ತಿರಲಿಲ್ಲ. ಪಟ್ಟಿ ಹಿಡಿದು ಮನೆ ಮನೆಗೆ ಹೊರಟ ದಿನ ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು. ರೇಷ್ಮೆ ಹುಳು ಹಣ್ಣಾಗಿದ್ದವು. ಹುಳು ಹಣ್ಣಾಗುವುದೆಂದರೆ ಮೇಯುವುದು ಬಿಟ್ಟು ಗೂಡು ಕಟ್ಟಲು ಸಿದ್ಧವಾಗುವುದು. ಆ ಎರಡು ಮೂರು ದಿನ ಮನೆಯವರೆಲ್ಲ ಊಟ ನಿದ್ದೆ ಬಿಟ್ಟು ಹುಳು ಆಯ್ದು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ ಬಿಡುತ್ತಾರೆ. ಹೊರಗಿನವರ ಕಾಲಿನಿಂದ ರೋಗ ಬರುತ್ತದೆಂದು, ಕಣ್ಣು ತಾಗುತ್ತದೆಂದು, ಯಾರನ್ನೂ ಒಳಗೆ ಬಿಡುವುದಿಲ್ಲ. ಹೊಸ್ತಿಲಿಗೆ ಸುಣ್ಣದ ಪುಡಿ ಹಾಕಿ, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿರುತ್ತಾರೆ.

ಊರ ಯಜಮಾನರು ಜಗುಲಿಯ ಮೇಲಿಂದ ಕರೆದರು. "ಬನ್ನಿ ಮೇಡಮ್ಮೋರೆ, ಬಿಸ್ಲಲ್ಲಿ ಯಾಕ್ ಸುತ್ತೀರಿ. ಹುಳ ಹಣ್ಣಾಗೈತೆ, ಯಾರೂ ಬಾಗ್ಲು ತೆಗ್ಯಾಕಿಲ್ಲ. ಇಲ್ಲೇ ಕುಂತ್ಕಳಿ. ನೀವು ಹೆಸ್ರು ಓದಿ, ಯಾರವ್ರೆ ಯಾರಿಲ್ಲ ನಾನ್ ಹೇಳ್ತೀನಿ. ನಂಗೆ ಗೊತ್ತಿಲ್ದೋರು ಈ ಊರಲ್ಲಿ ಯಾರವ್ರೆ?"

ಹಿಂದಿನ ಮೇಷ್ಟರೂ ಹೀಗೇ ಮಾಡುತ್ತಿದ್ದರಂತೆ. ಯಜಮಾನರು ಮರ್ಯಾದಸ್ಥರು. ಕುರ್ಚಿ ಹಾಕಿಸಿದರು, ಎಳನೀರು ಕೊಟ್ಟರು. ಪಟ್ಟಿ ಒಪ್ಪಿಸಲು ಒಂದೇ ದಿನ ಉಳಿದಿತ್ತು, ಕನಕಪುರದ ಬಸ್ಸಿಗೆ ಎರಡು ಗಂಟೆ ಇತ್ತು. ನಾನು ಕುಳಿತುಬಿಟ್ಟೆ. ಒಂದೊಂದೇ ಹೆಸರು ಓದಿದೆ, ಅವರು ಇದ್ದಾರೆ, ತೀರಿಕೊಂಡರು, ಮದುವೆಯಾಗಿ ಹೋದಳು ಎಂದು ಹೇಳುತ್ತಾ ಹೋದರು. ಕೆಳಗಿನ ಬೀದಿಯ ನಿಂಗಮ್ಮನ ಹೆಸರು ಬಂತು.

"ಅವ್ಳು ಮಗಳ ಮನೆ ಸೇರ್ಕಂಡವ್ಳೆ ಚನ್ನಪಟ್ಟಣದಲ್ಲಿ. ಗಂಡ ಸತ್ತೋದ, ಇನ್ನೇನೈತೆ ಅವ್ಳಿಗೆ ಇಲ್ಲಿ" ಎಂದರು.

ಹೆಸರಿನ ಮುಂದೆ 'ಸ್ಥಳಾಂತರ' ಎಂದು ಬರೆದೆ. ಒಂದೇ ಒಂದು ಪದ.

ಇಲ್ಲಿಗೆ ಮುಗಿದಿದ್ದರೆ ನನ್ನ ಸೋಮಾರಿತನ ಎನ್ನಬಹುದಿತ್ತು. ಬಸ್ ಹಿಡಿಯಲು ಕೆಳಗಿನ ಬೀದಿಯಲ್ಲೇ ನಡೆದು ಹೋದೆ. ನಿಂಗಮ್ಮನ ಮನೆ ಯಾವುದೆಂದು ಪಟ್ಟಿಯಲ್ಲಿದ್ದ ಮನೆ ನಂಬರಿನಿಂದ ತಿಳಿಯಿತು. ಬಾಗಿಲು ಹಾಕಿತ್ತು. ಹೊಸ್ತಿಲ ಮೇಲೆ ಸುಣ್ಣದ ಪುಡಿ ಬಿದ್ದಿತ್ತು, ಅದರ ಮೇಲೆ ಒಂದು ಹೆಜ್ಜೆಯ ಗುರುತಿತ್ತು. ನಾನು ಬೈರಮಂಗಲದ ಹತ್ತಿರ ಹುಳು ಸಾಕುವ ಮನೆಯಲ್ಲೇ ಹುಟ್ಟಿ ಬೆಳೆದವಳು. ಹೊಸ್ತಿಲಿಗೆ ಸುಣ್ಣ ಹಾಕಿದ ಮನೆಯೊಳಗೆ ಜನ ಇದ್ದೇ ಇರುತ್ತಾರೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕಣ್ಣಾರೆ ನೋಡಿದೆ. ಬಸ್ಸಿನ ಹಾರನ್ ಕೇಳಿಸಿತು, ಓಡಿದೆ.

ಕೆಲವು ತಿಂಗಳ ನಂತರ ಗ್ರಾಮ ಪಂಚಾಯಿತಿ ಚುನಾವಣೆ ಬಂತು. ಆ ಊರಿನ ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. ನಾನು ಏಳನೇ ತರಗತಿಗೆ ಅದೇ ಮೂರು ಕಲಂ ಎಳೆದು ಪಾಠ ಮಾಡುತ್ತಿದ್ದೆ. ಅಷ್ಟು ವರ್ಷಗಳಲ್ಲಿ ಪಾಠಕ್ಕೆ ಒಂದಿಷ್ಟು ಸೇರಿಸಿಕೊಂಡಿದ್ದೆ. ಬಹಳ ಹಿಂದೆ ಗ್ರೀಸಿನ ಅಥೆನ್ಸ್ ಎಂಬ ನಗರದಲ್ಲಿ ಪೌರರೆಲ್ಲ ಒಂದು ಕಡೆ ಸೇರಿ ಕೈ ಎತ್ತಿ ತೀರ್ಮಾನ ಮಾಡುತ್ತಿದ್ದರು, ಆದರೆ ಅಲ್ಲಿ ಹೆಂಗಸರನ್ನೂ ಗುಲಾಮರನ್ನೂ ಪೌರರ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ. ನಮ್ಮ ಮೈಸೂರು ಮಹಾರಾಜರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಇತ್ತು, ಅಲ್ಲಿಯೂ ಮೊದಲಿಗೆ ಜಮೀನು ಇದ್ದವರು, ವ್ಯಾಪಾರಸ್ಥರು, ಅಂಥವರದೇ ಮಾತು ನಡೆಯುತ್ತಿತ್ತು. ಇಷ್ಟು ಹೇಳುವಾಗ ಬಾಗಿಲ ಬಳಿ ಯಾರೋ ನಿಂತದ್ದು ಕಂಡಿತು. ಐವತ್ತರ ಆಸುಪಾಸಿನ ಹೆಂಗಸು. ಒಗೆದ ಸೀರೆ, ಕೈಯಲ್ಲಿ ಪ್ಲಾಸ್ಟಿಕ್ ಕವರು. ಪಾಠ ಮುಗಿಯುವವರೆಗೂ ಅಲ್ಲಾಡದೆ ನಿಂತಿದ್ದರು.

ಹೊರಗೆ ಬಂದೆ. "ಆ ಊರಲ್ಲಿ ಹೆಂಗುಸ್ರ ಹೆಸ್ರು ಯಾರು ತೆಗುದ್ರು ಮೇಡಮ್ಮೋರೆ?" ಎಂದು ಕೇಳಿದರು.

ಅಥೆನ್ಸಿನ ಬಗ್ಗೆ ಕೇಳುತ್ತಿದ್ದಾರೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. "ಯಾರೂ ತೆಗೆಯಲಿಲ್ಲಮ್ಮ. ಅವರ ಹೆಸರು ಇರಲೇ ಇಲ್ಲ" ಎಂದೆ.

"ನಂದಿತ್ತು" ಎಂದರು.

ಕವರಿನಿಂದ ಮತದಾರರ ಕಾರ್ಡು ತೆಗೆದು ಕೊಟ್ಟರು. ನಿಂಗಮ್ಮ ಎಂದು ಓದಿಕೊಂಡೆ.

"ನಾಮಪತ್ರ ತಕಂಡೋಗಿದ್ದೆ. ಪಟ್ಟೀಲಿ ನಿನ್ನೆಸ್ರಿಲ್ಲ, ನಿಂತ್ಕಳಂಗಿಲ್ಲ ಅಂದ್ಬುಟ್ರು. ನಾಳೀಕೇ ಕಡೇ ದಿನ. ಪಟ್ಟಿ ಮಾಡೋರು ನೀವೇ ಅಂತೆ, ಒಸಿ ನೋಡಿ. ಮಗಳ ಬಾಣಂತನಕ್ಕೆ ಚನ್ನಪಟ್ಟಣಕ್ಕೆ ಓಗಿದ್ದು ದಿಟ. ಮೂರ್ ತಿಂಗ್ಳಿದ್ದು ಬಂದೆ. ನೀವು ಪಟ್ಟಿ ಬರೆಯಾಕೆ ಬಂದಾಗ ಇಲ್ಲೇ ಇದ್ನಲ್ಲ, ಹುಳ ಆಯ್ತಾ ಇದ್ದೆ."

ಯಾಕೆ ನಿಲ್ಲಬೇಕೆಂದುಕೊಂಡಿರಿ ಎಂದು ಕೇಳಿದೆ. ಕೇಳಬೇಕಾದ ಪ್ರಶ್ನೆಯಲ್ಲ.

"ಮ್ಯಾಗ್ಲ ಬೀದೀಗೆ ನಲ್ಲಿ ಐತೆ. ನಮ್ ಬೀದೀಗೆ ಪೈಪೇ ಹಾಕಿಲ್ಲ. ನಾಕ್ ಸಲ ಅರ್ಜಿ ಕೊಟ್ಟೆ. ಒಳಗೆ ಕುಂತ್ಕಂಡ್ ಕೇಳೋರ್ಗೆ ಮಾತ್ರ ನೀರು ಬತ್ತದೆ ಅಂತ ಗೊತ್ತಾಯ್ತು. ಅದ್ಕೇ ಒಳೀಕೇ ಓಗ್ಮ ಅಂತ."

ರಜೆ ಚೀಟಿ ಬರೆದಿಟ್ಟು ಅವರನ್ನು ಕರೆದುಕೊಂಡು ಕನಕಪುರಕ್ಕೆ ಹೋದೆ. ಕಚೇರಿಯಲ್ಲಿ ಚುನಾವಣೆ ಶಾಖೆಯ ಗುಮಾಸ್ತರು ಪಟ್ಟಿ ತಿರುವಿಹಾಕಿ, ಹೊಸದಾಗಿ ಸೇರಿಸುವ ದಿನ ಮುಗಿದಿದೆ, ಈಗ ಅರ್ಜಿ ಕೊಟ್ಟರೆ ಹೆಸರು ಮುಂದಿನ ಚುನಾವಣೆಗೆ ಬರುತ್ತದೆ ಎಂದರು. ತಹಶೀಲ್ದಾರರು ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ನಿಂಗಮ್ಮನ ದೂರನ್ನು ಸಾವಧಾನವಾಗಿ ಕೇಳಿದರು. ಅವರ ಕೈಯಲ್ಲೂ ಏನೂ ಇರಲಿಲ್ಲ. ನನಗೆ ಲಿಖಿತ ವಿವರಣೆ ಕೊಡಲು ಹೇಳಿದರು.

ಗುಮಾಸ್ತರು ನನ್ನನ್ನು ಪಕ್ಕಕ್ಕೆ ಕರೆದರು. ಕೆಟ್ಟವರಲ್ಲ, ನನ್ನನ್ನು ಉಳಿಸಲು ನೋಡಿದರು. "ಮೇಡಂ, ಮೂರು ಸಲ ಹೋದೆ, ಮೂರು ಸಲವೂ ಬಾಗಿಲು ಹಾಕಿತ್ತು, ನೆರೆಹೊರೆಯವರ ಹೇಳಿಕೆ ಪಡೆದು ತೆಗೆದೆ ಅಂತ ಬರೀರಿ. ಎಲ್ರೂ ಬರೆಯೋದು ಹಂಗೇ. ಯಾರೂ ಏನೂ ಮಾಡಕ್ಕಾಗಲ್ಲ." ಬರೆದೆ. ನನ್ನ ಕೈಯಾರೆ, ದುಂಡು ಅಕ್ಷರದಲ್ಲಿ ಬರೆದು ಸಹಿ ಹಾಕಿ ಕೊಟ್ಟೆ. ನಿವೃತ್ತಿಗೆ ಕೆಲವೇ ವರ್ಷ ಇದ್ದವು, ಹೆದರಿದ್ದೆ. ಇದನ್ನು ಮುಚ್ಚಿಟ್ಟು ಈ ಬರಹ ಬರೆಯುವುದರಲ್ಲಿ ಅರ್ಥವಿಲ್ಲ.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಇಬ್ಬರೂ ಕುಳಿತೆವು. ನಿಂಗಮ್ಮನ ಬಸ್ಸಿಗೆ ಇನ್ನೂ ಹೊತ್ತಿತ್ತು.

"ಏನಂತ ಬರುದ್ರಿ ಮೇಡಮ್ಮೋರೆ?"

"ಬಾಗಿಲು ಹಾಕಿತ್ತು ಅಂತ."

ನಿಂಗಮ್ಮ ಮೆಲ್ಲಗೆ, ನನ್ನನ್ನು ಆಕ್ಷೇಪಿಸುವ ಯಾವ ಸುಳಿವೂ ಇಲ್ಲದೆ ಕೇಳಿದರು: "ಬಾಗ್ಲು ಹಾಕಿತ್ತು, ದಿಟ. ಹೊಸ್ತಿಲ್ಗೆ ಸುಣ್ಣ ಹಾಕಿದ್ನಲ್ಲ. ನೋಡ್ನಿಲ್ವಾ? ಹೋಗ್ಲಿ, ನೀವು ಪ್ಯಾಟೆ ಕಡೆಯೋರು, ನಿಮ್ಗೆಲ್ಲಿ ಗೊತ್ತಾಯ್ತದೆ."

ನನಗೆ ತಪ್ಪಿಸಿಕೊಳ್ಳಲು ದಾರಿಯನ್ನು ಅವರೇ ತೆರೆದುಕೊಟ್ಟಿದ್ದರು. ಹೂಂ ಎಂದರೆ ಮುಗಿಯುತ್ತಿತ್ತು. ಯಾಕೋ ಆಗಲಿಲ್ಲ.

"ನೋಡಿದೆ ನಿಂಗಮ್ಮ. ನಾನೂ ಹುಳು ಮನೆಯವಳೇ" ಎಂದೆ.

ಅವರು ಸೆರಗನ್ನು ಭುಜದ ಮೇಲೆ ಎಳೆದುಕೊಂಡು ಅತ್ತ ತಿರುಗಿ ಕುಳಿತರು. ಬಸ್ ಬಂದಾಗ ತಿರುಗಿ ನೋಡದೆ ಹತ್ತಿ ಹೋದರು. ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು.

ಆ ಸಂಜೆ ಹೆಡ್ಮಾಸ್ಟರ ಮಾತು ಬಿಡದೆ ನೆನಪಾಯಿತು. ಅಷ್ಟು ವರ್ಷ ಬೋರ್ಡಿನ ಮೇಲೆ ಗೆರೆ ಎಳೆದವಳು ಆ ಮಧ್ಯಾಹ್ನ ಜಗುಲಿಯ ಕುರ್ಚಿಯಲ್ಲಿ ಕುಳಿತು ಊರನ್ನು ಒಬ್ಬನೇ ಆಳುವ ಮೊದಲನೆಯ ಕಲಂಗೆ ತಳ್ಳಿದ್ದೆ. ಅದಕ್ಕೆ ಪಾಳೆಯಗಾರನೂ ಬೇಕಾಗಲಿಲ್ಲ, ಕೋಟೆಯೂ ಬೇಕಾಗಲಿಲ್ಲ. ಒಂದು ಎಳನೀರು ಸಾಕಾಯಿತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮಾರನೆಯ ಬೆಳಗ್ಗೆ ಕಚೇರಿ ತೆರೆಯುವ ಮೊದಲೇ ಹೋಗಿ ಬಾಗಿಲಲ್ಲಿ ನಿಂತಿದ್ದೆ. ಹಿಂದಿನ ದಿನದ ವಿವರಣೆ ಸುಳ್ಳೆಂದೂ, ನಾನು ಆ ಮನೆಯ ಬಾಗಿಲು ಬಡಿಯಲಿಲ್ಲವೆಂದೂ, ಒಬ್ಬರು ಹೇಳಿದ್ದನ್ನು ಕೇಳಿ ಹೆಸರು ತೆಗೆದೆನೆಂದೂ, ಒಳಗೆ ಜನ ಇರುವ ಗುರುತು ಕಂಡರೂ ಮುಂದೆ ಹೋದೆನೆಂದೂ ಬರೆದು ಕೊಟ್ಟೆ. ತಹಶೀಲ್ದಾರರು ಎರಡು ಸಲ ಓದಿದರು.

"ನಿನ್ನೇದು ಇದ್ದಿದ್ರೆ ನಿಮಗೆ ಏನೂ ಆಗ್ತಿರಲಿಲ್ಲ" ಎಂದರು.

"ಗೊತ್ತು ಸಾರ್. ಆ ಯಮ್ಮಂಗೆ ಏನಾದ್ರೂ ಅನುಕೂಲ ಆಗುತ್ತಾ?"

"ಈ ಚುನಾವಣೆಗೆ ಆಗಲ್ಲ ಮೇಡಂ. ಆದ್ರೆ ಅವರು ಊರು ಬಿಟ್ಟು ಹೋಗಿರಲಿಲ್ಲ ಅಂತ ಕಡತದಲ್ಲಿ ಉಳಿಯುತ್ತೆ." ನನ್ನ ಸೇವಾ ಪುಸ್ತಕದಲ್ಲಿ ಎಚ್ಚರಿಕೆಯ ನಮೂದು ಬಿತ್ತು. ಅದು ಬೀಳಬೇಕಾದದ್ದೇ.

ಯಜಮಾನರ ಸೊಸೆ ಅವಿರೋಧವಾಗಿ ಆಯ್ಕೆಯಾದರು. ಜಗುಲಿಗೆ ಹೋಗಿ ಯಜಮಾನರನ್ನು ನೇರವಾಗಿ ಕೇಳಿದೆ, ನಿಂಗಮ್ಮ ವಾಪಸ್ ಬಂದದ್ದು ನಿಮಗೆ ಗೊತ್ತಿರಲಿಲ್ಲವೇ ಎಂದು. ಅವರು ಅಡಕೆ ಕತ್ತರಿಸುತ್ತಾ ಶಾಂತವಾಗಿಯೇ ಹೇಳಿದರು. "ಗೊತ್ತಿತ್ತೋ ಇಲ್ವೋ, ಈಗ್ಯಾಕೆ ಮೇಡಮ್ಮೋರೆ. ಎಲೆಕ್ಷನ್ ಆದ್ರೆ ಅಣ್ಣ ತಮ್ಮಂದ್ರು ಮಾತು ಬುಡ್ತಾರೆ, ಊರು ಎರಡಾಯ್ತದೆ. ನಮ್ಮಪ್ಪನ ಕಾಲ್ದಿಂದ್ಲೂ ಇಲ್ಲೇ ಕುಂತ್ಕಂಡು ಮಾತಾಡಿ ಮುಗ್ಸೀವಿ. ಇದ್ಕೆ ನಿಮ್ ಬುಕ್ಕಲ್ಲಿ ಏನಂತಾರೋ ನಂಗೊತ್ತಿಲ್ಲ." ಅವರು ಅದನ್ನು ನಿಜವಾಗಿಯೂ ನಂಬಿದ್ದರು. ಜಗುಲಿಯ ಮೇಲೆ ಕೆಳಗಿನ ಬೀದಿಯವರು ಯಾವತ್ತಾದರೂ ಕುಳಿತಿದ್ದರೇ ಎಂದು ಕೇಳಿದೆ. ಅವರು ಇನ್ನೊಂದು ಅಡಕೆ ಕೈಗೆತ್ತಿಕೊಂಡರು.

ನಿಂಗಮ್ಮನ ಹೆಸರು ಪಟ್ಟಿಗೆ ಮರಳಿ ಬಂತು. ಅರ್ಜಿಯನ್ನು ನಾನೇ ತುಂಬಿದೆ, ಸಹಿ ಅವರೇ ಹಾಕಿದರು. ಅಕ್ಷರ ಅಕ್ಷರ ಕೂಡಿಸಿ, ನಿಧಾನವಾಗಿ. ನನ್ನೊಂದಿಗೆ ಅಗತ್ಯಕ್ಕಿಂತ ಒಂದು ಮಾತೂ ಹೆಚ್ಚಿಗೆ ಆಡಲಿಲ್ಲ. ಗ್ರಾಮಸಭೆ ನಡೆದಾಗಲೆಲ್ಲ ಎದ್ದು ನಿಂತು ಪೈಪಿನ ಮಾತು ಎತ್ತುತ್ತಿದ್ದರು. ಒಳಗೆ ಹೋಗಲಾಗದವರು ಹೊರಗೆ ನಿಂತು ಕೇಳುತ್ತಲೇ ಇದ್ದರು. ಮುಂದಿನ ಚುನಾವಣೆಯ ಹೊತ್ತಿಗೆ ಅವರು ನಿಂತೇ ನಿಲ್ಲುತ್ತಾರೆಂದು ನಾನು ದಿನ ಎಣಿಸುತ್ತಿದ್ದೆ. ಮೀಸಲಾತಿ ಬದಲಾಯಿತು. ಆ ಸ್ಥಾನ ಬೇರೆ ವರ್ಗಕ್ಕೆ ಹೋಯಿತು, ನಿಂಗಮ್ಮ ನಿಲ್ಲುವಂತಿರಲಿಲ್ಲ. ಅವರಿಗೆ ಸಿಗಬೇಕಾಗಿದ್ದ ಅವಕಾಶ ಒಂದೇ ಆಗಿತ್ತು. ಅದನ್ನು ನಾನು ಒಂದು ಪದದಿಂದ ತೆಗೆದುಹಾಕಿದ್ದೆ. ಯಾವ ಕ್ಷಮಾಪಣೆ ಪತ್ರದಿಂದಲೂ ಅದು ಮರಳಿ ಬರುವುದಿಲ್ಲ. ಕೆಳಗಿನ ಬೀದಿಗೆ ಕೊನೆಗೂ ನಲ್ಲಿ ಬಂತು, ಬಹಳ ವರ್ಷ ತಡವಾಗಿ. ಅಷ್ಟೂ ವರ್ಷ ಆ ಬೀದಿಯ ಹೆಂಗಸರು ಹೊತ್ತ ಒಂದೊಂದು ಬಿಂದಿಗೆಯಲ್ಲೂ ನನ್ನ ಪಾಲಿದೆ ಎಂದೇ ನಾನು ತಿಳಿದಿದ್ದೇನೆ.

ನಿವೃತ್ತಿಯ ವರ್ಷ ಕೊನೆಯ ಸಲ ಪಟ್ಟಿ ಹಿಡಿದು ಆ ಊರು ಸುತ್ತಿದೆ. ಜಗುಲಿಯ ಮೇಲಿದ್ದ ಯಜಮಾನರಿಗೆ ದೂರದಿಂದಲೇ ಕೈಮುಗಿದೆ, ಹತ್ತಲಿಲ್ಲ. ಮತ್ತೆ ಹುಳು ಹಣ್ಣಾಗುವ ಹೊತ್ತು. ಬಾಗಿಲುಗಳೆಲ್ಲ ಹಾಕಿದ್ದವು. ಒಂದೊಂದು ಬಾಗಿಲ ಮುಂದೆಯೂ ಸುಣ್ಣ ತುಳಿಯದಂತೆ ಎರಡು ಮಾರು ದೂರ ನಿಂತು, ಹೆಸರು ಕೂಗಿ, ಒಳಗಿನಿಂದ ಓ ಎಂದ ಮೇಲೆ ಗುರುತು ಹಾಕಿಕೊಂಡೆ. ಇಡೀ ಊರು ಮುಗಿಸಲು ಮೂರು ದಿನ ಹಿಡಿಯಿತು. ಹಾಗೆ ಮಾಡಲು ಮೂರೇ ದಿನ ಸಾಕಾಗಿತ್ತು ಎಂಬುದು ನನಗೆ ಆಗ ತಿಳಿಯಿತು.

ಕೆಳಗಿನ ಬೀದಿಯ ಆ ಬಾಗಿಲ ಮುಂದೆಯೂ ನಿಂತೆ. ಹೊಸ್ತಿಲ ಮೇಲೆ ಸುಣ್ಣ, ಬಾಗಿಲಿಗೆ ಬೇವಿನ ಸೊಪ್ಪು. ಗಟ್ಟಿಯಾಗಿ, "ನಿಂಗಮ್ಮಾ" ಎಂದು ಕೂಗಿದೆ.

ಒಳಗೆ ಚಂದ್ರಿಕೆ ಸರಿಸಿದ ಸದ್ದಾಯಿತು. ಬಾಗಿಲು ತೆರೆಯಲಿಲ್ಲ. ಹುಳು ಮನೆಯಲ್ಲಿ ತೆರೆಯಲೂಬಾರದು.

"ಇಲ್ಲೇ ಇವ್ನಿ ಕಣವ್ವಾ, ಬರ್ಕೋ" ಎಂಬ ದನಿ ಬಂತು.